ರೈಲು ಯಾರ್ಡಿನ ಮೇಲೆ ಗೋಪುರ: ಖರ್ಚು ಯಾರ ಲೆಕ್ಕಕ್ಕೆ?

ಕೆಳಗಿನ ಸಭಾಂಗಣದಲ್ಲಿ ಇಡ್ಲಿ-ವಡೆ ಇನ್ನೂ ಬಿಸಿಯಾಗಿರುವಾಗಲೇ ಅದನ್ನು ಬಿಟ್ಟು ನೀವು ಲೆಕ್ಕಿಗನೊಬ್ಬನ ಮಾತು ಕೇಳಲು ಬಂದಿದ್ದೀರಿ.

ವಾಣಿಜ್ಯ ಗೋಷ್ಠಿಗೆ ಆಶಯ ಭಾಷಣ ಮಾಡಬೇಕೆಂದು ಕೇಳಿದಾಗ ಸಂಚಾಲಕರು "ತೆರಿಗೆ ಬಗ್ಗೆ ಏನಾದರೂ ಹೇಳಿ ಸರ್" ಅಂದಿದ್ದರು. ತೆರಿಗೆಯ ಬಗ್ಗೆಯೇ ಹೇಳುತ್ತೇನೆ. ಆದರೆ ನೀವು ಏಪ್ರಿಲ್‌ನಲ್ಲಿ ತುಂಬುವ ಫಾರ್ಮಿನ ಬಗ್ಗೆ ಅಲ್ಲ. ಇನ್ನೂ ಹುಟ್ಟದ ಕಟ್ಟಡ ಮುಂದೊಂದು ದಿನ ಕಟ್ಟಲಿರುವ ತೆರಿಗೆಯ ಬಗ್ಗೆ, ಆ ತೆರಿಗೆಯನ್ನು ನಂಬಿ ಇವತ್ತೇ ಮಾಡುವ ಸಾಲದ ಬಗ್ಗೆ.

ಇದಕ್ಕೆ ಕಾರಣ ನಮ್ಮವರೇ ಆದ ಒಬ್ಬ ಹುಡುಗ. ಹುಡುಗ ಅಂದರೆ ನನಗಿಂತ ಎರಡು ಮೂರು ವರ್ಷ ಚಿಕ್ಕವನು, ಅಷ್ಟೇ. ಎಚ್-1ಬಿ ಮೇಲೆ ಬಂದು 14 ವರ್ಷವಾಯಿತು, ಗ್ರೀನ್ ಕಾರ್ಡ್ ಸಾಲು ಕದಲುತ್ತಿಲ್ಲ. ಮಗಳಿಗೆ 18. ಇಪ್ಪತ್ತೊಂದು ತುಂಬಿದರೆ ಅವಳು ಅಪ್ಪನ ಅರ್ಜಿಯಿಂದ ಆಚೆ ಬೀಳುತ್ತಾಳೆ ಎನ್ನುವುದನ್ನು ಈ ಕೋಣೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಭಾನುವಾರ ಗಂಡ-ಹೆಂಡತಿ ಮನೆಗೆ ಬಂದು ಮೇಜಿನ ಮೇಲೆ ಒಂದು ಪುಸ್ತಿಕೆ ಇಟ್ಟರು. ಮಿರುಗುವ ಕಾಗದ. ಗಾಜಿನ ಗೋಪುರಗಳು, ನಡುವೆ ಉದ್ಯಾನ, ಅಂಗಡಿ ಸಾಲು, ಮಕ್ಕಳು ಗಾಳಿಪಟ ಹಾರಿಸುತ್ತಿರುವ ಚಿತ್ರ. ಕೆಳಗೆ, ಇದ್ದೂ ಇಲ್ಲದ ಹಾಗೆ, ತೆಳುವಾದ ಬೂದು ಗೆರೆಗಳು: ರೈಲು ಹಳಿಗಳು. "ಅಣ್ಣಾ, 8 ಲಕ್ಷ ಡಾಲರ್ ಹಾಕಿದ್ರೆ ಗ್ರೀನ್ ಕಾರ್ಡ್ ಅಂತೆ, ಐದಾರು ವರ್ಷಕ್ಕೆ ದುಡ್ಡೂ ವಾಪಸ್ ಬರತ್ತಂತೆ. ಮೈಸೂರಿನ ಸೈಟು ಮಾರಿದ್ರೆ ಅರ್ಧ ಆಗತ್ತೆ. ಹಾಕ್ಲಾ?" ಅಂದ.

ನಾನು ಪುಸ್ತಿಕೆ ತಿರುವಿ ಹಾಕಿ ಕೇಳಿದ್ದು ಒಂದೇ: "ಈ ಬೂದು ಗೆರೆ ಮೇಲೆ ಮುಚ್ಚಳ ಹಾಕೋರು ಯಾರಪ್ಪಾ?" ಅವನಿಗೆ ಗೊತ್ತಿರಲಿಲ್ಲ. ಪುಸ್ತಿಕೆಯಲ್ಲೂ ಇರಲಿಲ್ಲ. ಇವತ್ತಿನ ನನ್ನ ಮಾತೆಲ್ಲ ಆ ಮುಚ್ಚಳದ ಲೆಕ್ಕ.

ರೈಲು ಯಾರ್ಡ್ ಅಂದರೆ ರೈಲುಗಳು ತಂಗುವ, ತೊಳೆಸಿಕೊಳ್ಳುವ ಜಾಗ. ನಗರಗಳು ಬೆಳೆದಂತೆ ಒಂದು ಕಾಲದಲ್ಲಿ ಊರ ಅಂಚಿನಲ್ಲಿದ್ದ ಯಾರ್ಡುಗಳು ಈಗ ಊರ ನಟ್ಟನಡುವೆ ಬಂದು ಕೂತಿವೆ. ರೈಲು ಬಿಡುವ ಹಾಗಿಲ್ಲ, ಜಾಗ ಬಿಡಲು ಮನಸ್ಸಿಲ್ಲ. ಆಗ ಹೊಳೆಯುವುದೇ ಅದರ ಮೇಲೆ ಕಟ್ಟುವ ಉಪಾಯ. ಇದು ಹೊಸದೇನಲ್ಲ. 1902ರ ಜನವರಿಯಲ್ಲಿ ನ್ಯೂಯಾರ್ಕಿನ ಪಾರ್ಕ್ ಅವೆನ್ಯೂ ಸುರಂಗದಲ್ಲಿ ಹೊಗೆ ತುಂಬಿ ಸಿಗ್ನಲ್ ಕಾಣದೆ ರೈಲುಗಳು ಡಿಕ್ಕಿಯಾಗಿ 15 ಜನ ಸತ್ತರು. ನಗರದೊಳಗೆ ಉಗಿ ಎಂಜಿನ್ ಬೇಡ ಎಂದಾಯಿತು. ನ್ಯೂಯಾರ್ಕ್ ಸೆಂಟ್ರಲ್ ರೈಲ್ವೆಯ ಎಂಜಿನಿಯರ್ ವಿಲಿಯಂ ವಿಲ್ಗಸ್ ಆಗ ಹೇಳಿದ್ದು ಇಷ್ಟು: ವಿದ್ಯುತ್ ರೈಲಿಗೆ ಹೊಗೆ ಇಲ್ಲ, ಹೊಗೆ ಇಲ್ಲದಿದ್ದರೆ ಯಾರ್ಡನ್ನು ಮುಚ್ಚಬಹುದು, ಮುಚ್ಚಿದರೆ ಮೇಲಿನ ಆಕಾಶವನ್ನು ಬಾಡಿಗೆಗೆ ಕೊಡಬಹುದು. 1913ರಲ್ಲಿ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣ ತೆರೆಯಿತು. ಇವತ್ತು ಪಾರ್ಕ್ ಅವೆನ್ಯೂದಲ್ಲಿ ನಿಂತು ನೀವು ನೆಲ ಅಂದುಕೊಳ್ಳುವುದು ನೆಲವಲ್ಲ, ಛಾವಣಿ. 1931ರ ವಾಲ್ಡಾರ್ಫ್ ಆಸ್ಟೋರಿಯಾ ಹೋಟೆಲ್ ಹಳಿಗಳ ಮೇಲೇ ನಿಂತಿದೆ.

ವಿಲ್ಗಸ್ ಲೆಕ್ಕದ ಒಂದು ಗುಣ ನನಗೆ ಇಷ್ಟ. ಮುಚ್ಚಳ ಕಟ್ಟಿದ್ದೂ ರೈಲ್ವೆ, ಬಾಡಿಗೆ ತಿಂದದ್ದೂ ರೈಲ್ವೆ. ಖರ್ಚೂ ಆದಾಯವೂ ಒಂದೇ ಖಾತೆಯಲ್ಲಿ. ಈಗಿನ ಯೋಜನೆಗಳಲ್ಲಿ ಹಾಗಿಲ್ಲ. ಹಳಿ ಒಬ್ಬರದು, ಗಾಳಿ ಇನ್ನೊಬ್ಬರದು, ಮುಚ್ಚಳದ ಸಾಲ ಮೂರನೆಯವರದು, ಆ ಸಾಲಕ್ಕೆ ಜಾಮೀನು ಊರಿನವರದು.

ನಮ್ಮಲ್ಲಿ ಬಹಳ ಜನ ನೋಡಿರುವ ಹಡ್ಸನ್ ಯಾರ್ಡ್ಸ್ ಅನ್ನೇ ತೆಗೆದುಕೊಳ್ಳೋಣ. ಊರಿನಿಂದ ಅಪ್ಪ-ಅಮ್ಮ ಬಂದರೆ ಕರೆದುಕೊಂಡು ಹೋಗಿ ಫೋಟೋ ತೆಗೆಸುವ ಜಾಗ. ಮ್ಯಾನ್‌ಹಟನ್ನಿನ ಪಶ್ಚಿಮ ತುದಿಯಲ್ಲಿ, 10ನೇ ಅವೆನ್ಯೂದಿಂದ 12ನೇ ಅವೆನ್ಯೂವರೆಗೆ 26 ಎಕರೆ. ಲಾಂಗ್ ಐಲ್ಯಾಂಡ್ ರೈಲ್‌ರೋಡಿನ ರೈಲುಗಳು ಬೆಳಿಗ್ಗೆ ಜನರನ್ನು ಇಳಿಸಿ ಸಂಜೆಯವರೆಗೆ ಇಲ್ಲಿ ನಿಲ್ಲುತ್ತವೆ. ಮಾಲೀಕರು ಸಾರ್ವಜನಿಕ ಸಾರಿಗೆ ಸಂಸ್ಥೆಯಾದ ಎಂಟಿಎ. 1980ರ ದಶಕದಲ್ಲಿ ಯಾರ್ಡ್ ಕಟ್ಟುವಾಗಲೇ, ಮುಂದೆ ಮೇಲೆ ಏನಾದರೂ ಬರಬಹುದು ಎಂದು ಹಳಿಗಳ ನಡುವೆ ಕಂಬಗಳಿಗೆ ಜಾಗ ಬಿಟ್ಟಿದ್ದರು. ಮೊದಲು ಇಲ್ಲಿ ಬರಬೇಕಿದ್ದದ್ದು ಜೆಟ್ಸ್ ಫುಟ್‌ಬಾಲ್ ತಂಡದ ಕ್ರೀಡಾಂಗಣ, 2012ರ ಒಲಿಂಪಿಕ್ಸಿನ ಆಸೆಯೂ ಜೊತೆಗಿತ್ತು. 2005ರ ಜೂನ್‌ನಲ್ಲಿ ರಾಜ್ಯದ ಮಟ್ಟದಲ್ಲಿ ಒಪ್ಪಿಗೆ ಸಿಗದೆ ಅದು ಬಿದ್ದುಹೋಯಿತು. ಆದರೆ ಅದೇ ವರ್ಷದ ಜನವರಿಯಲ್ಲಿ ಸುತ್ತಲಿನ ಪ್ರದೇಶಕ್ಕೆ ಎತ್ತರದ ಕಟ್ಟಡಗಳ ಅನುಮತಿ ಆಗಲೇ ಸಿಕ್ಕಿತ್ತು.

2008ರಲ್ಲಿ ಎಂಟಿಎ ಯಾರ್ಡಿನ ಮೇಲಿನ ಹಕ್ಕನ್ನು ಹರಾಜಿಗಿಟ್ಟಿತು. ಮಾರ್ಚ್‌ನಲ್ಲಿ ಟಿಷ್ಮನ್ ಸ್ಪೈಯರ್ ಗೆದ್ದಿತು, ಮೇ ತಿಂಗಳಿಗೆ ಮಾತು ಮುರಿಯಿತು. ಆಮೇಲೆ ರಿಲೇಟೆಡ್ ಕಂಪನಿ ಬಂತು. ಆ ಶರತ್ಕಾಲದಲ್ಲಿ ಲೇಮನ್ ಬಿತ್ತು, ಎಲ್ಲ ಮುಂದಕ್ಕೆ ಹೋಯಿತು. ಕಡೆಗೆ ರಿಲೇಟೆಡ್ ಜೊತೆ ಕೈಜೋಡಿಸಿದ್ದು ಕೆನಡಾದ ಆಕ್ಸ್‌ಫರ್ಡ್ ಪ್ರಾಪರ್ಟೀಸ್, ಅಂದರೆ ಒಂಟಾರಿಯೋದ ನಗರಸಭೆ ನೌಕರರ ಪಿಂಚಣಿ ನಿಧಿಯ ಒಂದು ಅಂಗ. ಟೊರಾಂಟೊದಿಂದ ಬಂದಿರುವವರು ಗಮನಿಸಿ, ನಿಮ್ಮ ಪಾಲಿಕೆಯ ಗುಮಾಸ್ತರ ಪಿಂಚಣಿ ಮ್ಯಾನ್‌ಹಟನ್ನಿನ ಹಳಿಗಳ ಮೇಲೆ ನಿಂತಿದೆ. ಕರಾರು ಮಾರಾಟವಲ್ಲ, 99 ವರ್ಷದ ಗೇಣಿ.

ಈಗ ಮುಚ್ಚಳಕ್ಕೆ ಬರೋಣ. ಎಂಜಿನಿಯರುಗಳು ಇದನ್ನು ಡೆಕ್ ಅನ್ನುತ್ತಾರೆ. ನಿಮ್ಮ ಹಿತ್ತಲಿನಲ್ಲಿ ಬಾರ್ಬೆಕ್ಯೂ ಇಡುವ ಡೆಕ್ ಅಲ್ಲ. ಪೂರ್ವದ ಅರ್ಧ ಯಾರ್ಡಿನಲ್ಲೇ 30 ಹಳಿ. ಅವುಗಳ ಸಂದಿನಲ್ಲಿ ಕೊರೆದು, ಬಂಡೆ ಸಿಗುವವರೆಗೆ ಇಳಿಸಿದ ಸುಮಾರು 300 ಭಾರಿ ಕಂಬಗಳು. ಸಾವಿರಾರು ಟನ್ ಉಕ್ಕು. ಕೆಳಗೆ ರೈಲು ಓಡಾಟ ನಿಲ್ಲಿಸುವಂತಿಲ್ಲ, ಆದ್ದರಿಂದ ಒಂದು ಸಲಕ್ಕೆ ಕೆಲವೇ ಹಳಿ ಮುಚ್ಚಿ ಕೆಲಸ. ಮೇಲೆ ಗಿಡ ನೆಟ್ಟರೆ ಕೆಳಗಿನ ರೈಲಿನ ಬಿಸಿಗೆ ಬೇರು ಬೇಯುತ್ತದೆ, ಹಾಗಾಗಿ ಮಣ್ಣಿಗೂ ತಂಪು ಮಾಡುವ ಕೊಳವೆ. ಯಾರ್ಡಿನ ಗಾಳಿ ಹೊರಹಾಕಲು ಜೆಟ್ ವಿಮಾನದ ಎಂಜಿನ್‌ನಂಥ ಫ್ಯಾನುಗಳು.

ಲೆಕ್ಕಿಗನ ಕಣ್ಣಿಗೆ ಇದರಲ್ಲಿ ಕಾಣುವುದು ಬೇರೆ. ಬಡಾವಣೆ ಮಾಡುವವನು ಎರಡು ಬೀದಿ ಹಾಕಿ, ಹತ್ತು ಸೈಟು ಮಾರಿ, ಆ ದುಡ್ಡಿನಲ್ಲಿ ಮೂರನೇ ಬೀದಿ ಹಾಕುತ್ತಾನೆ. ಡೆಕ್‌ನಲ್ಲಿ ಅದು ಸಾಧ್ಯವಿಲ್ಲ. ಅರ್ಧ ಡೆಕ್ ಮೇಲೆ ಅರ್ಧ ಗೋಪುರ ನಿಲ್ಲುವುದಿಲ್ಲ. ಒಂದು ಡಾಲರ್ ಬಾಡಿಗೆ ಬರುವ ಮೊದಲೇ ಹೆಚ್ಚುಕಡಿಮೆ ಪೂರ್ತಿ ಖರ್ಚು ಮುಗಿದಿರಬೇಕು. ಮತ್ತು ಆ ಖರ್ಚಾದ ಮೇಲೆ ನಿಮಗೆ ಸಿಗುವುದು ಏನು? ಬೇರೆ ಕಡೆ ದೇವರು ಬಿಟ್ಟಿಯಾಗಿ ಕೊಟ್ಟಿರುವ ವಸ್ತು, ಬರಿಯ ನೆಲ.

ಈ ಕಾದು ಕೂರುವ ಕಾಲಕ್ಕೆ ಒಂದು ಬೆಲೆಯಿದೆ. ಶೇಕಡಾ 5ರ ಬಡ್ಡಿಯಲ್ಲಿ, ಹತ್ತು ವರ್ಷದ ನಂತರ ಬರುವ 100 ಡಾಲರಿಗೆ ಇವತ್ತಿನ ಬೆಲೆ ಸುಮಾರು 61. ಅದೇ ಹಣ ಹದಿನೈದು ವರ್ಷಕ್ಕೆ ಬಂದರೆ 48. ಯಾರೂ ಮೋಸ ಮಾಡಿಲ್ಲ, ಯಾರೂ ಕದ್ದಿಲ್ಲ, ಐದು ವರ್ಷ ತಡವಾಯಿತು ಅಷ್ಟೇ, 13 ಡಾಲರ್ ಆವಿಯಾಯಿತು. ರೈಲು ಯಾರ್ಡಿನ ಯೋಜನೆಗಳು ಐದು ವರ್ಷ ತಡವಾಗುವುದು ದೊಡ್ಡ ಸುದ್ದಿಯೇ ಅಲ್ಲ. ಹಾಗಾಗಿ ಇಲ್ಲಿ ಕೇಳಬೇಕಾದದ್ದು "ಲಾಭ ಎಷ್ಟು" ಅಲ್ಲ, "ತಡವಾದರೆ ಆ 13 ಡಾಲರ್ ಯಾರ ಜೇಬಿನಿಂದ" ಎಂದು.

ಹಡ್ಸನ್ ಯಾರ್ಡ್ಸ್‌ನಲ್ಲಿ ಮೊದಲ ಉತ್ತರ: ನಗರದ ಜೇಬಿನಿಂದ. ಅಲ್ಲಿ ಸಬ್‌ವೇ ಇಲ್ಲದೆ ಕಚೇರಿಗಳು ಬರುವುದಿಲ್ಲ. 7ನೇ ಲೈನನ್ನು ಅಲ್ಲಿವರೆಗೆ ಎಳೆಯಲು ಸುಮಾರು 2.4 ಬಿಲಿಯನ್ ಡಾಲರ್ ಬೇಕಿತ್ತು. ಎಂಟಿಎ ಕೈಯಲ್ಲಿ ಹಣವಿರಲಿಲ್ಲ. ನಗರ ಒಂದು ಪ್ರತ್ಯೇಕ ಸಂಸ್ಥೆ ಹುಟ್ಟುಹಾಕಿತು: ಹಡ್ಸನ್ ಯಾರ್ಡ್ಸ್ ಇನ್‌ಫ್ರಾಸ್ಟ್ರಕ್ಚರ್ ಕಾರ್ಪೊರೇಷನ್. ಅದು 2006ರಲ್ಲಿ 2 ಬಿಲಿಯನ್, 2011ರಲ್ಲಿ ಇನ್ನೊಂದು ಬಿಲಿಯನ್ ಡಾಲರಿನ ಬಾಂಡ್ ಮಾರಿತು. ತೀರಿಸುವುದು ಯಾವುದರಿಂದ? ಅಲ್ಲಿ ಮುಂದೆ ಏಳಲಿರುವ ಕಟ್ಟಡಗಳು ಆಸ್ತಿ ತೆರಿಗೆಯ ಬದಲಾಗಿ ಕಟ್ಟುವ ಹಣದಿಂದ, ಮತ್ತು ಹೆಚ್ಚು ಎತ್ತರ ಕಟ್ಟಲು ಕೊಡುವ ಶುಲ್ಕದಿಂದ. ತೆರಿಗೆಯ ಬದಲಿನ ಈ ಹಣಕ್ಕೆ ಇಲ್ಲಿನವರು ಪೈಲಟ್ ಅನ್ನುತ್ತಾರೆ. ಕಟ್ಟಡದ ಒಡೆತನ ಕಾಗದದ ಮೇಲೆ ಸರ್ಕಾರಿ ಸಂಸ್ಥೆಯ ಹೆಸರಿಗಿರುತ್ತದೆ, ಆದ್ದರಿಂದ ತೆರಿಗೆ ಇಲ್ಲ. ತೆರಿಗೆ ಇಲ್ಲದ್ದಕ್ಕೆ ಬದಲಾಗಿ ಒಂದು ಒಪ್ಪಂದದ ಮೊತ್ತ. ಅದರಲ್ಲಿ ಗರಿಷ್ಠ ಶೇಕಡಾ 40ರವರೆಗೆ ರಿಯಾಯಿತಿ. ಮುಖ್ಯವಾದ ಮಾತು ಏನೆಂದರೆ, ತೆರಿಗೆಯಾಗಿದ್ದರೆ ಅದು ನಗರದ ಬೊಕ್ಕಸಕ್ಕೆ, ಅಂದರೆ ಶಾಲೆ, ಪೊಲೀಸ್, ಕಸ ಎಲ್ಲಕ್ಕೂ ಹೋಗುತ್ತಿತ್ತು. ಪೈಲಟ್ ಆದ್ದರಿಂದ ಮೊದಲು ಬಾಂಡಿನವರಿಗೆ.

ಸಬ್‌ವೇ ಬಂದದ್ದು 2015ರ ಸೆಪ್ಟೆಂಬರಿನಲ್ಲಿ. ಖರ್ಚು ಹಿಡಿಯಲು 10ನೇ ಅವೆನ್ಯೂದಲ್ಲಿ ಬರಬೇಕಿದ್ದ ಇನ್ನೊಂದು ನಿಲ್ದಾಣವನ್ನು ಕೈಬಿಟ್ಟಿದ್ದರು. ಆ ಸುತ್ತ ವಾಸಿಸುವವರಿಗೆ ಅದೇ ಹೆಚ್ಚು ಉಪಯೋಗದ್ದಾಗುತ್ತಿತ್ತು ಎಂದು ನನ್ನ ಅನಿಸಿಕೆ. ಮೊದಲ ಗೋಪುರ ತೆರೆದದ್ದು 2016ರಲ್ಲಿ. ಅಂದರೆ ಸಾಲ ಮಾಡಿ ಹತ್ತು ವರ್ಷ. ಆ ನಡುವಿನ ಬಡ್ಡಿಗೆ ಪೈಲಟ್ ಸಾಕಾಗಲಿಲ್ಲ, ನಗರ ತನ್ನ ಸಾಮಾನ್ಯ ಬಜೆಟ್ಟಿನಿಂದ ತುಂಬಿತು. ನ್ಯೂ ಸ್ಕೂಲ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಲೆಕ್ಕ ಹಾಕಿ, ನಗರಕ್ಕೆ ಒಟ್ಟು ಬಿದ್ದ ಹೊರೆ ಸುಮಾರು 2.2 ಬಿಲಿಯನ್ ಡಾಲರ್ ಅಂದರು. ರಿಯಾಯಿತಿ, ಸಬ್‌ವೇ, ಉದ್ಯಾನ ಎಲ್ಲ ಸೇರಿಸಿ 2019ರಲ್ಲಿ ನ್ಯೂಯಾರ್ಕ್ ಟೈಮ್ಸ್ ಕೊಟ್ಟ ಅಂಕಿ ಸುಮಾರು 6 ಬಿಲಿಯನ್. ಈ ಎರಡು ಅಂಕಿಗಳನ್ನು ಹಿಡಿದು ಜಗಳವಾಡುವವರನ್ನು ನೋಡಿದ್ದೇನೆ. ಜಗಳ ಬೇಡ. ಸಬ್‌ವೇಯನ್ನು ಕಂಪನಿಗೆ ಕೊಟ್ಟ ಉಡುಗೊರೆ ಎಂದು ಬರೆಯುತ್ತೀರೋ, ಊರಿನ ಆಸ್ತಿ ಎಂದು ಬರೆಯುತ್ತೀರೋ, ಅದರ ಮೇಲೆ ಹೋಗುತ್ತದೆ. ನಾನಾದರೆ ಊರಿನ ಆಸ್ತಿ ಅಂತಲೇ ಬರೆಯುತ್ತೇನೆ, ರಿಯಾಯಿತಿಯನ್ನು ಮಾತ್ರ ಉಡುಗೊರೆಯ ಕಲಮಿನಲ್ಲಿ ಹಾಕುತ್ತೇನೆ.

ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. ಕಟ್ಟಡಗಳು ತುಂಬಿದ ಮೇಲೆ ಪೈಲಟ್ ಹಣ ಬಡ್ಡಿಗೆ ಸಾಕಾಗಿ ಮಿಕ್ಕಿತು, ಮಿಕ್ಕದ್ದು ನಗರಕ್ಕೆ ಮರಳುತ್ತಿದೆ. ಎಂಟಿಎ ಕೂಡ ಜಾಣತನ ತೋರಿಸಿತು. 99 ವರ್ಷ ಬಾಡಿಗೆ ಬರುವುದನ್ನು ಕಾಯದೆ, 2016ರಲ್ಲಿ ಆ ಬಾಡಿಗೆಯನ್ನೇ ಆಧಾರವಾಗಿಟ್ಟು ಸುಮಾರು 1.06 ಬಿಲಿಯನ್ ಡಾಲರಿನ ಬಾಂಡ್ ಮಾರಿ ತನ್ನ ಕಾಮಗಾರಿಗಳಿಗೆ ಹಣ ಮಾಡಿಕೊಂಡಿತು. ಯೋಜನೆ ಸೋತಿತು ಎಂದು ನಾನು ಹೇಳುತ್ತಿಲ್ಲ. ಗೆದ್ದ ಯೋಜನೆಯಲ್ಲೇ ಹತ್ತು ವರ್ಷದ ಕಾಯುವಿಕೆಯ ಬಿಲ್ಲು ಊರಿಗೆ ಬಂತು ಅನ್ನುತ್ತಿದ್ದೇನೆ. ಸೋತದ್ದು ಹೇಗಿರುತ್ತದೆ ಎನ್ನುವುದಕ್ಕೆ ಬ್ರೂಕ್ಲಿನ್‌ಗೆ ಹೋಗಬೇಕು. ಅದಕ್ಕೆ ಆಮೇಲೆ ಬರುತ್ತೇನೆ.

ನಡುವೆ ಒಂದು ಮಾತು, ನ್ಯೂಜೆರ್ಸಿಯಿಂದ ದಿನಾ ಪೆನ್ ಸ್ಟೇಷನ್ನಿಗೆ ಹೋಗುವ ನಮ್ಮಂಥವರಿಗೆ. ಹಡ್ಸನ್ ನದಿಯ ಕೆಳಗೆ ಹೊಸ ಸುರಂಗ ಬಂದು ಪೆನ್ ಸ್ಟೇಷನ್ ಸೇರಬೇಕಾದ ದಾರಿ ಇದೇ ಯಾರ್ಡಿನ ಅಡಿಯಲ್ಲಿದೆ. ಗೋಪುರಗಳ ಕಂಬ ಇಳಿದ ಮೇಲೆ ಅಲ್ಲಿ ಸುರಂಗ ತೋಡಲಾಗುವುದಿಲ್ಲ. ಅದಕ್ಕೇ 2013ರಲ್ಲಿ ಸ್ಯಾಂಡಿ ಚಂಡಮಾರುತದ ಪರಿಹಾರ ನಿಧಿಯಿಂದ ಹಣ ತೆಗೆದು, ಮೇಲೆ ಡೆಕ್ ಬರುವ ಮುಂಚೆಯೇ ಕೆಳಗೆ ಕಾಂಕ್ರೀಟ್ ಪೆಟ್ಟಿಗೆಯಂಥ ದಾರಿಯನ್ನು ಕಟ್ಟಲು ಶುರುಮಾಡಿದರು. ಯಾರ್ಡಿನ ಮೇಲೆ ಕಟ್ಟುವುದೆಂದರೆ ಮುಂದಿನ ನೂರು ವರ್ಷದ ರೈಲಿಗೆ ಜಾಗ ಇಲ್ಲಿಯೇ, ಇಷ್ಟೇ ಎಂದು ಬರೆದುಕೊಟ್ಟ ಹಾಗೆ. ಆ ಖರ್ಚು ಗೋಪುರದವರ ಪುಸ್ತಕದಲ್ಲಿ ಕಾಣುವುದಿಲ್ಲ.

ನಾನು ಇಷ್ಟು ಹೊತ್ತು ಹೇಳಿದ್ದು ಪೂರ್ವದ ಅರ್ಧದ ಕತೆ. ಪಶ್ಚಿಮದ ಅರ್ಧ, 11ನೇ ಅವೆನ್ಯೂದಿಂದ ನದಿಯ ಕಡೆಗಿನದು, ಇನ್ನೂ ಪ್ರಸ್ತಾವನೆಯೇ. ಹೈ ಲೈನ್ ಉದ್ಯಾನದ ಕೊನೆಯ ತಿರುವಿನಲ್ಲಿ ನಿಂತರೆ ಕೆಳಗೆ ರೈಲುಗಳು ಬಿಸಿಲಿಗೆ ಮೈಯೊಡ್ಡಿ ಮಲಗಿರುವುದು ಕಾಣುತ್ತದೆ. 2009ರಲ್ಲಿ ಅಲ್ಲಿಗೆ ಐದು ಸಾವಿರಕ್ಕೂ ಹೆಚ್ಚು ಮನೆಗಳಿಗೆ ಅನುಮತಿ ಸಿಕ್ಕಿತ್ತು. ಡೆಕ್ ಆಗಲಿಲ್ಲ. ಆಮೇಲೆ ಕ್ಯಾಸಿನೋ ಬಂತು, ಮನೆಗಳ ಸಂಖ್ಯೆ ಸುಮಾರು 1,500ಕ್ಕೆ ಇಳಿಯಿತು. ಅಕ್ಕಪಕ್ಕದವರು ಬೇಡವೆಂದರು. 2025ರ ಮೇ ತಿಂಗಳಲ್ಲಿ ಕ್ಯಾಸಿನೋ ಕಂಪನಿ ವಿನ್ ಹಿಂದೆ ಸರಿಯಿತು. ಈಗಿನ ಮಾತು 4,000 ಮನೆಗಳವರೆಗೆ. ಡೆಕ್ಕಿಗೆ? ಮತ್ತೆ ಅದೇ ದಾರಿ, ಮುಂದೆ ಬರಲಿರುವ ಆಸ್ತಿ ತೆರಿಗೆಯನ್ನು ಆಧಾರವಾಗಿಟ್ಟು ಹಣ ಎತ್ತುವುದು. ಮೊದಲ ಸಲ ನಗರ ಸಾಲ ಮಾಡಿದ್ದು ಸಬ್‌ವೇಗೆ. ಗೋಪುರ ಬರದಿದ್ದರೂ ಸಬ್‌ವೇ ಉಳಿಯುತ್ತಿತ್ತು. ಈ ಸಲ ಮಾಡುವುದು ಡೆಕ್ಕಿಗೆ. ಮೇಲೆ ಗೋಪುರ ಬರದಿದ್ದರೆ ಡೆಕ್ಕಿನಿಂದ ಊರಿಗೆ ಏನೂ ಇಲ್ಲ. ಈ ವ್ಯತ್ಯಾಸ ಪತ್ರಿಕೆಗಳಲ್ಲಿ ಹೆಚ್ಚು ಚರ್ಚೆಯಾಗಿಲ್ಲ ಎನ್ನುವುದು ನನ್ನ ದೂರು.

ಕ್ವೀನ್ಸ್‌ನ ಸನ್ನಿಸೈಡ್ ಯಾರ್ಡ್ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು, 180 ಎಕರೆ. 2020ರಲ್ಲಿ ಬಂದ ನಕ್ಷೆಯಲ್ಲಿ ಕೈಗೆಟುಕುವ ಬೆಲೆಯ 12,000 ಮನೆಗಳಿದ್ದವು, ಖರ್ಚಿನ ಅಂದಾಜು 14.4 ಬಿಲಿಯನ್. ನಕ್ಷೆ ನಕ್ಷೆಯಾಗಿಯೇ ಇದೆ. ಟೊರಾಂಟೊದಲ್ಲಿ ನಗರಸಭೆ 2016ರಲ್ಲಿ ಹಳಿಗಳ ಮೇಲೆ 21 ಎಕರೆಯ ಉದ್ಯಾನ ಮಾಡುತ್ತೇವೆಂದು ಹೊರಟಿತು. ಅಲ್ಲಿನ ಗಾಳಿಯ ಹಕ್ಕು ಆಗಲೇ ಖಾಸಗಿಯವರ ಕೈಯಲ್ಲಿತ್ತು. 2021ರಲ್ಲಿ ನ್ಯಾಯಮಂಡಳಿ ಅವರ ಪರವಾಗಿ ಹೇಳಿತು, ನಗರ ಉದ್ಯಾನದ ಆಸೆ ಬಿಟ್ಟಿತು. ಊರು ತಾನು ನೋಡುತ್ತಿದ್ದ ಆಕಾಶ ತನ್ನದಲ್ಲ ಎಂದು ತಿಳಿದುಕೊಂಡದ್ದು ತಡವಾಗಿ.

ಈಗ ನನ್ನ ಗೆಳೆಯನ 8 ಲಕ್ಷಕ್ಕೆ ಬರೋಣ. ಇಬಿ-5 ವೀಸಾ ನಿಮಗೆ ಗೊತ್ತು. 2022ರ ಮಾರ್ಚ್‌ನ ಕಾನೂನಿನ ನಂತರ, ಹಳ್ಳಿಗಾಡಿನಲ್ಲಿ ಅಥವಾ ನಿರುದ್ಯೋಗ ಹೆಚ್ಚಿರುವ ಕಡೆ ಹೂಡಿದರೆ 8 ಲಕ್ಷ ಡಾಲರ್, ಇಲ್ಲವಾದರೆ 10.5 ಲಕ್ಷ. ಒಬ್ಬ ಹೂಡಿಕೆದಾರನಿಗೆ ಹತ್ತು ಕೆಲಸ ಹುಟ್ಟಬೇಕು. ಹಡ್ಸನ್ ಯಾರ್ಡ್ಸ್‌ಗೆ ಈ ದಾರಿಯಲ್ಲಿ ಬಂದದ್ದು ಕನಿಷ್ಠ 1.2 ಬಿಲಿಯನ್ ಡಾಲರ್, ಹೆಚ್ಚಾಗಿ ಚೀನಾದ ಕುಟುಂಬಗಳಿಂದ, ಆಗಿನ ದರ ತಲಾ 5 ಲಕ್ಷ. ಮ್ಯಾನ್‌ಹಟನ್ನಿನ ದುಬಾರಿ ಕೇರಿ ನಿರುದ್ಯೋಗದ ಪ್ರದೇಶ ಆಗಿದ್ದು ಹೇಗೆ? ಸೆಂಟ್ರಲ್ ಪಾರ್ಕಿನ ಮೂಲಕ ಹಾರ್ಲೆಮ್‌ನ ಸರ್ಕಾರಿ ವಸತಿಗಳವರೆಗೆ ಗಡಿಗೆರೆಯನ್ನು ಎಳೆದು, ಎಲ್ಲವೂ ಒಂದೇ ಪ್ರದೇಶ ಎಂದು ತೋರಿಸಿ. ಆಗ ಅದು ಕಾನೂನಿಗೆ ವಿರುದ್ಧವಾಗಿರಲಿಲ್ಲ. 2022ರ ಕಾನೂನು ಆ ಆಟ ನಿಲ್ಲಿಸಿದೆ, ಈಗ ಯೋಜನೆಯ ಜಾಗ ಮತ್ತು ಅದಕ್ಕೆ ಅಂಟಿಕೊಂಡ ಪಕ್ಕದ ಪ್ರದೇಶ ಮಾತ್ರ ಲೆಕ್ಕಕ್ಕೆ.

ಡೆವಲಪರ್‌ಗಳಿಗೆ ಈ ಹಣ ಯಾಕೆ ಇಷ್ಟ? ಅಗ್ಗ. ಹೂಡಿಕೆದಾರನಿಗೆ ಬೇಕಿರುವುದು ಬಡ್ಡಿಯಲ್ಲ, ವೀಸಾ. ಬ್ಯಾಂಕು ಮುಟ್ಟಲು ಹಿಂಜರಿಯುವ ಹಂತದಲ್ಲಿ, ಅಂದರೆ ಡೆಕ್ ಇನ್ನೂ ಇಲ್ಲದಾಗ, ಇವನು ಹಣ ತರುತ್ತಾನೆ.

ಹಣ ವಾಪಸ್ ಬರುವ ಕ್ರಮವನ್ನು ನಾನು ನಮ್ಮ ಮದುವೆ ಊಟಕ್ಕೆ ಹೋಲಿಸುತ್ತೇನೆ. ಪಂಕ್ತಿ ಪಂಕ್ತಿಯಾಗಿ ಬಡಿಸುತ್ತಾರೆ. ಮೊದಲ ಪಂಕ್ತಿಯಲ್ಲಿ ಕೂರುವುದು ಕಟ್ಟಡಕ್ಕೆ ಸಾಲ ಕೊಟ್ಟ ಬ್ಯಾಂಕು. ಅದಕ್ಕೆ ಹೋಳಿಗೆ, ತುಪ್ಪ, ಎಲ್ಲ. ಎರಡನೇ ಪಂಕ್ತಿಯಲ್ಲಿ ಎರಡನೇ ಸಾಲ ಕೊಟ್ಟವರು. ಮೂರನೆಯದರಲ್ಲಿ ಪ್ರಿಫರ್ಡ್ ಈಕ್ವಿಟಿ ಎಂಬ, ಸಾಲವೂ ಅಲ್ಲದ ಪಾಲೂ ಅಲ್ಲದ ಹೆಸರಿನವರು. ಇಬಿ-5 ಹಣ ಸಾಮಾನ್ಯವಾಗಿ ಕೂರುವುದು ಈ ಎರಡನೇ ಮೂರನೇ ಪಂಕ್ತಿಯಲ್ಲಿ. ಕೊನೆಯ ಪಂಕ್ತಿ ಡೆವಲಪರ್‌ನದು ಅನ್ನುತ್ತಾರೆ. ಆದರೆ ಅವನು ಅಡುಗೆಮನೆಯಲ್ಲಿ ನಿರ್ವಹಣಾ ಶುಲ್ಕ ಎನ್ನುವ ಹೆಸರಿನಲ್ಲಿ ರುಚಿ ನೋಡಿಕೊಂಡೇ ಬಂದಿರುತ್ತಾನೆ. ಅಡುಗೆ ಸಾಕಾದರೆ ಯಾವ ಪಂಕ್ತಿಯಾದರೂ ಒಂದೇ. ಸಾಲದೆ ಹೋದಾಗಲೇ ಪಂಕ್ತಿಯ ಬೆಲೆ ತಿಳಿಯುವುದು.

ಬ್ರೂಕ್ಲಿನ್ನಿನ ಅಟ್ಲಾಂಟಿಕ್ ಯಾರ್ಡ್ಸ್‌ನಲ್ಲಿ ಅಡುಗೆ ಸಾಲಲಿಲ್ಲ. 2003ರ ಡಿಸೆಂಬರಿನಲ್ಲಿ ಘೋಷಣೆ, 22 ಎಕರೆ, ಅದರಲ್ಲಿ ಎಂಟೂವರೆ ಎಕರೆ ರೈಲು ಯಾರ್ಡ್. ಫ್ರ್ಯಾಂಕ್ ಗೇರಿಯ ಹೆಸರು, ಬಾಸ್ಕೆಟ್‌ಬಾಲ್ ಕ್ರೀಡಾಂಗಣ, ಸುತ್ತ ಗೋಪುರಗಳು. ಎಂಟಿಎ ತನ್ನ ಹಕ್ಕನ್ನು 100 ಮಿಲಿಯನ್ ಡಾಲರಿಗೆ ಮಾರಲು ಒಪ್ಪಿತ್ತು. 2009ರಲ್ಲಿ ಮಾರುಕಟ್ಟೆ ಬಿದ್ದಾಗ ಅದು 20 ಮಿಲಿಯನ್ ಮುಂಗಡ, ಉಳಿದದ್ದು ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಕಂತು ಎಂದು ಬದಲಾಯಿತು. ಕ್ರೀಡಾಂಗಣ 2012ರಲ್ಲಿ ತೆರೆಯಿತು. ಅದು ಲೆಕ್ಕದಲ್ಲಿ ಸುಲಭದ ಭಾಗ. 2014ರಲ್ಲಿ ಚೀನಾದ ಗ್ರೀನ್‌ಲ್ಯಾಂಡ್ ಕಂಪನಿ ಬಹುಪಾಲು ಕೊಂಡಿತು. ಅದೇ ವರ್ಷ ಆದ ಒಪ್ಪಂದದ ಪ್ರಕಾರ 2025ರ ಮೇ ಒಳಗೆ ಕೈಗೆಟುಕುವ ಬಾಡಿಗೆಯ 2,250 ಮನೆಗಳು ಆಗಬೇಕು, ಆಗದಿದ್ದರೆ ಬಾಕಿ ಉಳಿದ ಪ್ರತಿ ಮನೆಗೆ ತಿಂಗಳಿಗೆ 2,000 ಡಾಲರ್ ದಂಡ. ಗಡುವು ಬಂತು, 876 ಮನೆ ಬಾಕಿ. ಗುಣಿಸಿದರೆ ತಿಂಗಳಿಗೆ ಹದಿನೇಳೂವರೆ ಲಕ್ಷ ಡಾಲರ್. ರಾಜ್ಯ ಸರ್ಕಾರ ಆ ದಂಡ ಹಾಕಲು ಮುಂದಾಗಲಿಲ್ಲ, ಹೊಸ ಡೆವಲಪರ್ ಸಿಗಲಿ ಎಂದು ಕಾಯಿತು. ಬರೆದಿಟ್ಟ ದಂಡವೂ ವಸೂಲಾಗುವ ದಂಡವೂ ಬೇರೆ ಬೇರೆ ಎನ್ನುವುದು ನಮ್ಮ ವೃತ್ತಿಯಲ್ಲಿ ಮೊದಲ ವರ್ಷದ ಪಾಠ.

ಆ ಯೋಜನೆಗೂ ಇಬಿ-5 ಹಣ ಬಂದಿತ್ತು, ಅದರಲ್ಲಿ ಬಾಕಿ ಉಳಿದದ್ದು ಸುಮಾರು 350 ಮಿಲಿಯನ್ ಡಾಲರ್. ಗ್ರೀನ್‌ಲ್ಯಾಂಡ್ ಸಾಲ ಕಟ್ಟದೆ ಕೈಬಿಟ್ಟಿತು. 2023ರ ಕೊನೆಗೆ ಅಡಮಾನ ಹರಾಜಿನ ನೋಟಿಸು ಬಂತು. ಅಡಮಾನ ಏನಿತ್ತು ಗೊತ್ತೇ? ಡೆಕ್ ಇಲ್ಲದ ಯಾರ್ಡಿನ ಮೇಲೆ ಆರು ಗೋಪುರ ಕಟ್ಟುವ ಹಕ್ಕು. ಕೊಂಡವನು ಮೊದಲು ನೂರಾರು ಮಿಲಿಯನ್ ಸುರಿದು ಡೆಕ್ ಕಟ್ಟಬೇಕು, ಆಮೇಲೆ ಆ ಹಕ್ಕಿಗೆ ಬೆಲೆ. ಮೈಸೂರಿನ ಸೈಟು ಅಡವಿಟ್ಟರೆ ಬ್ಯಾಂಕಿನವನು ಹೋಗಿ ಬೇಲಿ ಹಾಕಬಹುದು. ಹಳಿಯಿಂದ ಮೂವತ್ತು ಅಡಿ ಮೇಲಿನ ಗಾಳಿಗೆ ಬೇಲಿ ಎಲ್ಲಿ ಹಾಕುತ್ತೀರಿ?

ಇಲ್ಲಿ ಒಂದು ಸೂಕ್ಷ್ಮವಿದೆ, ದಯವಿಟ್ಟು ಗಮನ ಕೊಡಿ. ವೀಸಾ ಮತ್ತು ದುಡ್ಡು ಎರಡು ಬೇರೆ ಬೇರೆ ಖಾತೆ. ನಿರ್ಮಾಣದಲ್ಲಿ ಕೆಲಸಗಳನ್ನು ತಲೆ ಎಣಿಸಿ ಲೆಕ್ಕ ಹಾಕುವುದಿಲ್ಲ. ಇಷ್ಟು ಖರ್ಚಾದರೆ ಇಷ್ಟು ಕೆಲಸ ಎಂಬ ಅರ್ಥಶಾಸ್ತ್ರದ ಸೂತ್ರವಿದೆ. ಹಣ ಖರ್ಚಾದರೆ ಕೆಲಸ ಹುಟ್ಟಿತು, ಗ್ರೀನ್ ಕಾರ್ಡ್ ಸಿಗಬಹುದು. ಆದರೆ ಖರ್ಚಾದ ಹಣ ವಾಪಸ್ ಬರಬೇಕೆಂದೇನಿಲ್ಲ. ಮೇಲಾಗಿ ಈ ಹಣ ನಷ್ಟದ ಅಪಾಯಕ್ಕೆ ಒಡ್ಡಿಕೊಂಡಿರಲೇಬೇಕು ಎನ್ನುವುದು ಕಾನೂನಿನ ಷರತ್ತು. "ಐದು ವರ್ಷಕ್ಕೆ ಖಂಡಿತ ವಾಪಸ್" ಎಂದು ಬರೆದುಕೊಟ್ಟರೆ ಅರ್ಜಿಯೇ ಬಿದ್ದುಹೋಗುತ್ತದೆ. ಹಾಗಾಗಿ ಯಾರಾದರೂ ಬಾಯಿಮಾತಿನಲ್ಲಿ ಖಂಡಿತ ಅಂದರೆ, ಅವರು ಬರೆದುಕೊಡಲಾಗದ್ದನ್ನು ಹೇಳುತ್ತಿದ್ದಾರೆ. ಎರಡು ವರ್ಷ ಹೂಡಿಕೆಯಲ್ಲಿದ್ದರೆ ಸಾಕು ಎಂದು ವಲಸೆ ಇಲಾಖೆ ಹೇಳುತ್ತದೆ, ನಿಜ. ಆದರೆ ಸಾಲದ ಕರಾರಿನಲ್ಲಿ ಐದು, ಏಳು ವರ್ಷ ಇದ್ದರೆ, ನಿಮ್ಮನ್ನು ಹಿಡಿದಿಡುವುದು ಆ ಕರಾರು.

ಊರಿನ ಕಡೆಯ ಲೆಕ್ಕವೂ ಇದೆ. ಸೈಟು ಮಾರಿದ ಹಣ ಎನ್‌ಆರ್‌ಒ ಖಾತೆಗೆ ಬರುತ್ತದೆ, ಅಲ್ಲಿಂದ ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಹೊರಗೆ ತರಬಹುದು, ನನ್ನಂಥವನೊಬ್ಬ ಪ್ರಮಾಣಪತ್ರಕ್ಕೆ ಸಹಿ ಹಾಕಬೇಕು. ಊರಲ್ಲಿರುವ ತಂದೆ-ತಾಯಿ ಉಡುಗೊರೆಯಾಗಿ ಕಳಿಸಿದರೆ ಅವರ ಮಿತಿ ತಲಾ ವರ್ಷಕ್ಕೆ 2.5 ಲಕ್ಷ ಡಾಲರ್. ಇಷ್ಟೂ ಹಣ ಎಲ್ಲಿಂದ ಬಂತು ಎಂದು ಇಲ್ಲಿನ ಇಲಾಖೆಗೆ ಕಾಗದದಲ್ಲಿ ತೋರಿಸಬೇಕು. ಅಜ್ಜನ ಕಾಲದ ಸೈಟಿಗೆ ವಿಭಾಗ ಪತ್ರ ಹುಡುಕುವುದರಲ್ಲೇ ನನ್ನ ಗೆಳೆಯನಿಗೆ ಎರಡು ತಿಂಗಳು ಹೋಯಿತು.

ಆ ಪುಸ್ತಿಕೆಯವರಿಗೆ ನಾವಿಬ್ಬರೂ ಕೂತು ಒಂದು ಇಮೇಲ್ ಬರೆದೆವು. ಡೆಕ್ ಯಾರು ಕಟ್ಟುತ್ತಾರೆ, ಅದರ ಹಣ ಕೈಗೆ ಬಂದಿದೆಯೇ ಅಥವಾ ಬರಲಿದೆಯೇ? ನಮ್ಮ ಮುಂದೆ ಎಷ್ಟು ಪಂಕ್ತಿ, ಎಷ್ಟು ಮೊತ್ತ? ಅಡಮಾನ ಕಟ್ಟಡವೋ, ನೆಲವೋ, ಗಾಳಿಯೋ? ಇವತ್ತು ಕೆಲಸ ನಿಂತರೆ ಇಲ್ಲಿಯವರೆಗಿನ ಖರ್ಚಿಗೆ ಎಷ್ಟು ಉದ್ಯೋಗ ಲೆಕ್ಕಕ್ಕೆ ಸಿಗುತ್ತದೆ? ರೈಲು ಸಂಸ್ಥೆ ಗೇಣಿ ಕರಾರು ರದ್ದುಮಾಡಿದರೆ ನಮ್ಮ ಸಾಲದ ಗತಿ ಏನು? ಈ ಕಡೆಯ ಪ್ರಶ್ನೆ ಯಾರೂ ಕೇಳುವುದಿಲ್ಲ. ಗೇಣಿಯ ಮೇಲೆ ನಿಂತ ಯಾವ ಸಾಲಕ್ಕೂ ಅದೇ ತಳಪಾಯ.

ಮೂರು ವಾರಕ್ಕೆ ಉತ್ತರ ಬಂತು. ಉದ್ಯೋಗದ ಲೆಕ್ಕ ವಿವರವಾಗಿ ಕಳಿಸಿದ್ದರು, ಒಳ್ಳೆಯ ಕೆಲಸ, ನಾನು ತಪ್ಪು ಹುಡುಕಲಾರೆ. ಪಂಕ್ತಿಯ ಬಗ್ಗೆ ಅರ್ಧ ಉತ್ತರ. ಡೆಕ್ಕಿನ ಬಗ್ಗೆ ಒಂದು ಸಾಲು: ಸಾರ್ವಜನಿಕ ಮೂಲಗಳಿಂದ ಹಣ ದೊರೆಯುವ ನಿರೀಕ್ಷೆಯಿದೆ. ಗೇಣಿಯ ಬಗ್ಗೆ ಮಾತೇ ಇಲ್ಲ.

ನಾನು ಅವನಿಗೆ ಹಾಕು ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಮಗಳು ಇಲ್ಲೇ ಇರಬೇಕೆನ್ನುವುದಕ್ಕೆ ಅವನು ಎಷ್ಟು ಕೊಡಲು ತಯಾರಿದ್ದಾನೆ ಎನ್ನುವುದನ್ನು ನನ್ನ ಕ್ಯಾಲ್ಕುಲೇಟರ್ ಹೇಳುವುದಿಲ್ಲ. ಹೇಳಿದ್ದು ಇಷ್ಟು: "ಎಂಟು ಲಕ್ಷ ವಾಪಸ್ ಬರಲ್ಲ ಅಂತಲೇ ಬರ್ಕೋ. ಆ ಬೆಲೆಗೂ ಬೇಕು ಅನ್ನಿಸಿದ್ರೆ ಮಾತಾಡೋಣ." ಅವನ ಹೆಂಡತಿ ಪುಸ್ತಿಕೆಯನ್ನು ಚೀಲಕ್ಕೆ ಹಾಕಿಕೊಂಡರು. ಸೈಟು ಕೊಳ್ಳುವವರು ದೀಪಾವಳಿಯವರೆಗೆ ಕಾಯುತ್ತೇವೆ ಅಂದಿದ್ದಾರಂತೆ. ಜನವರಿಗೆ ಮಗಳಿಗೆ 19.

ಪ್ರಶ್ನೆಗಳಿದ್ದರೆ ಕೇಳಿ, ಇಡ್ಲಿ ಆರಿದ್ದು ಆರಿತು.